ಒಂದೂ ಎಡವಟ್ಟಾಗದ ಶೂಟಿಂಗು

ಕೆಟ್ಟ ದೆವ್ವದ ಸಿನಿಮಾ ತೆಗೆದವನಿಗೆ ಸಾಲ ಉಳಿಯುತ್ತದೆ. ಅವನು ಒದ್ದಾಡುವುದನ್ನು ಪಕ್ಕದಲ್ಲಿ ನಿಂತು ಚಿತ್ರಿಸಿಕೊಂಡವನಿಗೆ ಪ್ರಶಸ್ತಿ ಬರುತ್ತದೆ. ಇದು ನನ್ನ ಸ್ವಂತ ಸಂಶೋಧನೆ. ಆಧಾರ ಬೇಕಾದವರು ‘ಅಮೆರಿಕನ್ ಮೂವಿ’ ನೋಡಬಹುದು. ಮಿಲ್ವಾಕೀ ಪಕ್ಕದ ಊರೊಂದರ ಮಾರ್ಕ್ ಬೋರ್ಚಾರ್ಟ್ ಎಂಬ ಮಹಾಶಯ ಮನೆಮನೆಗೆ ಪೇಪರ್ ಹಾಕುತ್ತ, ಸ್ಮಶಾನದಲ್ಲಿ ಚಾಕರಿ ಮಾಡುತ್ತ, ‘ಕೋವನ್’ ಎಂಬ ಕಪ್ಪುಬಿಳುಪಿನ ಪುಟ್ಟ ಹಾರರ್ ಚಿತ್ರ ಮುಗಿಸಲು ವರ್ಷಗಟ್ಟಲೆ ಹೆಣಗುತ್ತಾನೆ. ದುಡ್ಡು ಹಾಕುವವನು ಟ್ರೇಲರ್ ಮನೆಯಲ್ಲಿ ಒಬ್ಬನೇ ಬದುಕುವ ಮುದಿ ಬಿಲ್ ಚಿಕ್ಕಪ್ಪ. ಕ್ಯಾಮೆರಾ ಹಿಡಿಯಲು ಯಾರೂ ಸಿಗದಿದ್ದರೆ ಹೆತ್ತ ತಾಯಿಯೇ ಹಿಡಿಯುತ್ತಾಳೆ. ಇಷ್ಟನ್ನೂ ಚಿತ್ರಿಸಿದ ಕ್ರಿಸ್ ಸ್ಮಿತ್ 1999ರ ಸನ್‌ಡಾನ್ಸ್ ಉತ್ಸವದಲ್ಲಿ ಸಾಕ್ಷ್ಯಚಿತ್ರಕ್ಕೆ ಕೊಡುವ ದೊಡ್ಡ ಪ್ರಶಸ್ತಿಯನ್ನೇ ಹೊಡೆದುಕೊಂಡು ಹೋದ. ಬೋರ್ಚಾರ್ಟ್ ಮಾತ್ರ ‘ಕೋವನ್’ನ ಕ್ಯಾಸೆಟ್ ಮಾರಿಕೊಂಡು ಉಳಿದ.

ಅದರಲ್ಲೊಂದು ದೃಶ್ಯವಿದೆ. ನಟನ ತಲೆಯನ್ನು ಅಡುಗೆಮನೆಯ ಕಪಾಟಿನ ಬಾಗಿಲಿಗೆ ಗುದ್ದಬೇಕು, ತಲೆ ಬಾಗಿಲು ಸೀಳಿಕೊಂಡು ಆಚೆ ಹೋಗಬೇಕು. ಬಾಗಿಲಿಗೆ ಮೊದಲೇ ಹಿಂದಿನಿಂದ ಗೀರು ಹಾಕಿಟ್ಟಿದ್ದಾರೆ. ನಿರ್ದೇಶಕ ಗುದ್ದುತ್ತಾನೆ. ತಲೆ ಸದ್ದು ಮಾಡುತ್ತದೆ, ಬಾಗಿಲಿಗೆ ಏನೂ ಆಗುವುದಿಲ್ಲ. ಮತ್ತೆ ಗುದ್ದುತ್ತಾನೆ. ಇನ್ನೊಂದು ಕಡೆ ಬಿಲ್ ಚಿಕ್ಕಪ್ಪನಿಗೆ ಒಂದೇ ಒಂದು ಸಾಲಿನ ಮಾತು ಹೇಳಿಸಲು ಟೇಕಿನ ಮೇಲೆ ಟೇಕು. ಮುದುಕ ಕೊನೆಗೆ ತಾನು ಏನು ಹೇಳುತ್ತಿದ್ದೇನೆಂಬುದನ್ನೇ ನಂಬುವುದಿಲ್ಲ. ರಾತ್ರಿ ಹನ್ನೆರಡರವರೆಗೆ ಕೂತು ಇದನ್ನು ನೋಡಿದ ನಾನು ನಗುವುದು ಬಿಟ್ಟು ಲೆಕ್ಕ ಹಾಕತೊಡಗಿದೆ. ಇಷ್ಟೊಂದು ಎಡವಟ್ಟು! ಇವನ ಅದೃಷ್ಟವೇ ಅದೃಷ್ಟ.

ಇವನ ಎಂದರೆ ಬೋರ್ಚಾರ್ಟನದಲ್ಲ, ಸ್ಮಿತ್‌ನದು.

ಆಮೇಲೆ ‘ಬೆಸ್ಟ್ ವರ್ಸ್ಟ್ ಮೂವಿ’ ಸಿಕ್ಕಿತು. ಅದು 1990ರ ‘ಟ್ರೋಲ್ 2’ ಎಂಬ ಚಿತ್ರದ ಕಥೆ. ಹೆಸರಿನಲ್ಲಿ ಟ್ರೋಲ್ ಇದೆ, ಚಿತ್ರದಲ್ಲಿ ಒಂದೂ ಟ್ರೋಲ್ ಇಲ್ಲ. ಬರುವುದೆಲ್ಲ ಗಾಬ್ಲಿನ್ನುಗಳು, ಅವೂ ಸಸ್ಯಾಹಾರಿಗಳು. ಮನುಷ್ಯರಿಗೆ ಹಸಿರು ಹಸಿರು ಪದಾರ್ಥ ತಿನ್ನಿಸಿ, ಅವರು ಗಿಡವಾದ ಮೇಲೆ ತಿನ್ನುತ್ತವೆ. ನಿರ್ದೇಶಕ ಕ್ಲಾಡಿಯೊ ಫ್ರಾಗಾಸೊ ಇಟಲಿಯವನು, ಇಂಗ್ಲಿಷು ಅಷ್ಟಕ್ಕಷ್ಟೆ. ಯೂಟಾದಲ್ಲಿ ಸಿಕ್ಕ ನಟರು ‘ಸ್ವಾಮಿ, ಹೀಗೆ ಯಾರೂ ಮಾತಾಡುವುದಿಲ್ಲ’ ಎಂದರೆ, ಬರೆದಂತೆಯೇ ಹೇಳಿ ಎಂದ. ಅಪ್ಪನ ಪಾತ್ರ ಮಾಡಿದ ಜಾರ್ಜ್ ಹಾರ್ಡಿ ಹಲ್ಲಿನ ಡಾಕ್ಟರು. ಚಿತ್ರದಲ್ಲಿ ಮಗನಾಗಿದ್ದ ಹುಡುಗ ಮೈಕೆಲ್ ಸ್ಟೀಫನ್‌ಸನ್ ದೊಡ್ಡವನಾಗಿ 2009ರಲ್ಲಿ ಈ ಸಾಕ್ಷ್ಯಚಿತ್ರ ತೆಗೆದ. ಜಗತ್ತಿನ ಅತಿ ಕೆಟ್ಟ ಸಿನಿಮಾ ಎಂದು ಜನ ಅದನ್ನು ತಲೆಯ ಮೇಲೆ ಹೊತ್ತು ಮೆರೆಸುವಾಗ, ಪ್ರೇಕ್ಷಕರ ನಡುವೆ ನಿಂತ ಫ್ರಾಗಾಸೊಗೆ ಇವರು ಯಾಕೆ ನಗುತ್ತಿದ್ದಾರೆಂದು ಅರ್ಥವಾಗದೆ ಸಿಟ್ಟು ನೆತ್ತಿಗೇರುತ್ತದೆ. ಆಗ ನಾನೂ ಅವನನ್ನು ನೋಡಿ ನಕ್ಕಿದ್ದೆ. ಆ ನಗುವನ್ನು ಬಡ್ಡಿ ಸಮೇತ ತೀರಿಸಿದ್ದೇನೆ, ಅದು ಮುಂದೆ ಬರುತ್ತದೆ.

ನನ್ನವಳು ಹಿಂದೆ ನಿಂತು ಐದು ನಿಮಿಷ ನೋಡಿ, “ಇದರಲ್ಲಿ ಹೆದರುವುದು ಎಂತ ಉಂಟು? ನಿಮ್ಮ ಅಕ್ಕನ ಮನೆಗೆ ಹೋದರೆ ದಿನಾ ಒಂದೆಲಗದ ತಂಬುಳಿ ಬಡಿಸುತ್ತಾರಲ್ಲ” ಎಂದು ಮಲಗಲು ಹೋದಳು.

ಮೂರನೆಯದು ನಮ್ಮ ದೇಶದ್ದೇ. ಫೈಜಾ ಅಹ್ಮದ್ ಖಾನ್ ತೆಗೆದ ‘ಸೂಪರ್‌ಮೆನ್ ಆಫ್ ಮಾಲೇಗಾಂವ್’. ದೆವ್ವದ ಚಿತ್ರವಲ್ಲ, ಆದರೆ ಬಜೆಟ್ಟನ್ನು ನೋಡಿದರೆ ದೆವ್ವವೂ ಹೆದರಬೇಕು. ವಿದ್ಯುತ್ ಮಗ್ಗಗಳ ಊರಿನಲ್ಲಿ ಶೇಖ್ ನಾಸಿರ್ ಸೈಕಲ್ಲನ್ನೇ ಟ್ರಾಲಿ ಮಾಡಿಕೊಂಡು, ಎತ್ತಿನಗಾಡಿಯನ್ನೇ ಕ್ರೇನ್ ಮಾಡಿಕೊಂಡು ಸೂಪರ್‌ಮ್ಯಾನನ್ನು ಹಾರಿಸುತ್ತಾನೆ. ನಡುವೆ ಇರುವ ಒಂದೇ ಕ್ಯಾಮೆರಾ ನೀರಿಗೆ ಬೀಳುತ್ತದೆ. ಸೂಪರ್‌ಮ್ಯಾನ್ ಆದ ಶಫೀಕ್ ಮಗ್ಗದ ಕೂಲಿ. ಪಾಪ, ಕ್ಯಾನ್ಸರ್ ಅವನನ್ನು ಬೇಗ ಒಯ್ದಿತು. ಅದನ್ನು ನೆನೆದಾಗ ನಗು ಗಂಟಲಲ್ಲೇ ನಿಲ್ಲಬೇಕಿತ್ತು. ನಾನೋ, ಕ್ಯಾಮೆರಾ ನೀರಿಗೆ ಬೀಳುವ ಜಾಗವನ್ನೇ ಹಿಂದೆ ಮುಂದೆ ಓಡಿಸಿ ನೋಡುತ್ತ, ನನಗೂ ಇಂಥದೊಂದು ಗಳಿಗೆ ಸಿಕ್ಕೀತೇ ಎಂದು ಜೊಲ್ಲು ಸುರಿಸುತ್ತಿದ್ದೆ.

ಹೀಗೆ ಹಸಿದು ಕೂತಿದ್ದವನ ಬಾಯಿಗೆ ಸೋದರಳಿಯ ಬಂದು ಬಿದ್ದ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರು. ಸಾಗರದ ಹತ್ತಿರದ ತಮ್ಮ ಹಳೇ ಮನೆಯಲ್ಲಿ ಗೆಳೆಯರನ್ನು ಕಟ್ಟಿಕೊಂಡು ಒಂದು ದೆವ್ವದ ಕಿರುಚಿತ್ರ ತೆಗೆಯುತ್ತೇನೆ ಎಂದ. ಅನುಭವ ಸೊನ್ನೆ, ದುಡ್ಡು ಅವರವರ ಸಂಬಳದ್ದು, ಜಾಗ ಮಲೆನಾಡು, ಕಾಲ ಮಳೆಗಾಲ. ಎಡವಟ್ಟಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಯಾವ ಪಂಚಾಂಗದಲ್ಲಿದೆ? “ನೀನು ಸಿನಿಮಾ ಮಾಡು, ನೀನು ಮಾಡುವುದನ್ನು ನಾನು ಸಿನಿಮಾ ಮಾಡುತ್ತೇನೆ” ಎಂದೆ. ಜೊತೆಗೆ ಸಾಕ್ಷ್ಯಚಿತ್ರದ ಧರ್ಮದ ಮೇಲೆ ಒಂದು ಪ್ರವಚನವನ್ನೂ ಕೊಟ್ಟೆ: “ಏನೇ ಆಗಲಿ ನಡುವೆ ಬಾಯಿ ಹಾಕಬಾರದು. ಮನೆಗೆ ಬೆಂಕಿ ಬಿದ್ದರೂ ಕ್ಯಾಮೆರಾದವನು ನೀರು ತರಬಾರದು. ಆಗುವುದನ್ನು ಆಗಲು ಬಿಡಬೇಕು.”

“ಆಯ್ತು ಮಾವ, ನೆನಪಿಟ್ಟುಕೊಳ್ತೇನೆ” ಎಂದ. ಈ ಹುಡುಗ ಏನನ್ನೂ ಮರೆಯುವುದಿಲ್ಲ.

ನನಗೂ ಒಬ್ಬ ಬಿಲ್ ಚಿಕ್ಕಪ್ಪ ಬೇಕಿತ್ತಲ್ಲ. ಭಾವನನ್ನು ಹಿಡಿದೆ. ಭಾವನಿಗೆ ಪೇಟೆಯಲ್ಲಿ ಗೊಬ್ಬರದ ಅಂಗಡಿ. “ನಿಮ್ಮ ವೃತ್ತಿಯವರಿಗೂ ದೆವ್ವದ ಸಿನಿಮಾಕ್ಕೂ ಹಳೇ ನಂಟು ಭಾವ” ಎಂದು ಶುರುಮಾಡಿದೆ. ಸುಳ್ಳಲ್ಲ. ಟೆಕ್ಸಾಸಿನ ಎಲ್ ಪಾಸೊದಲ್ಲಿ ಹೆರಾಲ್ಡ್ ವಾರೆನ್ ಎಂಬ ಗೊಬ್ಬರ ಮಾರುವವನು, ಸಿನಿಮಾ ಬರೆಯುವವನೊಬ್ಬನ ಜೊತೆ ಪಂಥ ಕಟ್ಟಿ 1966ರಲ್ಲಿ ‘ಮ್ಯಾನೋಸ್’ ಎಂಬ ಹಾರರ್ ಚಿತ್ರ ತೆಗೆದ. ಅವನ ಕ್ಯಾಮೆರಾಕ್ಕೆ ಗಡಿಯಾರದ ಹಾಗೆ ಕೀ ಕೊಡಬೇಕು. ಒಂದು ಸಲ ಕೀ ಕೊಟ್ಟರೆ 32 ಸೆಕೆಂಡು ಓಡುತ್ತಿತ್ತು. ದೃಶ್ಯ ಎಷ್ಟೇ ಗಂಭೀರವಾಗಿರಲಿ, ಅಷ್ಟರೊಳಗೆ ಮುಗಿಯಬೇಕು. ಸ್ಥಳದಲ್ಲಿ ಧ್ವನಿ ಹಿಡಿಯುವ ಏರ್ಪಾಡಿಲ್ಲ, ಆಮೇಲೆ ಬೆರಳೆಣಿಕೆಯ ಜನ ಕೂತು ಎಲ್ಲ ಪಾತ್ರಗಳಿಗೂ ಕಂಠ ಕೊಟ್ಟರು. ಮೊದಲ ಪ್ರದರ್ಶನದ ದಿನ ನಟರನ್ನು ವೈಭವದಿಂದ ಕರೆತರಲು ಉದ್ದನೆಯ ಕಾರು ಬಾಡಿಗೆಗೆ ಹಿಡಿದ, ಇದ್ದದ್ದು ಒಂದೇ ಕಾರು. ಅದೇ ಕಾರು ಒಂದು ತಂಡವನ್ನು ಥಿಯೇಟರಿನ ಮುಂದೆ ಇಳಿಸಿ, ಬೀದಿ ಸುತ್ತಿ ಬಂದು ಇನ್ನೊಂದು ತಂಡವನ್ನು ಇಳಿಸುತ್ತಿತ್ತು. ಚಿತ್ರ ಶುರುವಾದ ಮೇಲೆ ಜನ ನಕ್ಕ ನಗುವಿಗೆ ನಟರು ಮೆಲ್ಲಗೆ ಜಾರಿಕೊಂಡರು.

ಭಾವ ಎಲ್ಲವನ್ನೂ ಕೇಳಿ, “ಅವನ ಗೊಬ್ಬರದ ವ್ಯಾಪಾರ ಆಮೇಲೆ ಹೇಗಾಯ್ತು?” ಎಂದರು. ನನ್ನ ಸಂಶೋಧನೆ ಅಷ್ಟು ಆಳಕ್ಕೆ ಇಳಿದಿರಲಿಲ್ಲ. ಆದರೂ ಹತ್ತು ಸಾವಿರ ಕೊಟ್ಟರು. ಕೊಟ್ಟು, ರಶೀದಿ ಪುಸ್ತಕ ತೆಗೆದು, ಯೂರಿಯಾಕ್ಕೆ ಬರೆಯುವ ಸಾಲಿನಲ್ಲಿ ‘ಸಿನಿಮಾ ಬಾಬ್ತು’ ಎಂದು ಬರೆದು ನನ್ನ ಸಹಿ ಹಾಕಿಸಿಕೊಂಡರು.

ಆ ದುಡ್ಡಿನಲ್ಲಿ ಶಿವಮೊಗ್ಗದಿಂದ ಒಂದು ಕ್ಯಾಮೆರಾ ಬಾಡಿಗೆಗೆ ತಂದೆ. ರೆಕಾರ್ಡ್ ಆಗುವಾಗ ಅದರ ಮುಂದೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ, ಹಿಂದಿನ ಪರದೆಯಲ್ಲೂ ಒಂದು ಕೆಂಪು ಚುಕ್ಕಿ ಬರುತ್ತದೆ. ದೀಪ ಕಂಡರೆ ಜನ ನಟಿಸತೊಡಗುತ್ತಾರೆ, ಸಹಜತೆ ಹಾಳಾಗುತ್ತದೆ ಎಂದು ದೀಪಕ್ಕೆ ಅಕ್ಕನ ಕಪ್ಪು ಬಿಂದಿ ಅಂಟಿಸಿದೆ. ಪರದೆಯ ಚುಕ್ಕಿ ನೋಡಲು ಓದುವ ಕನ್ನಡಕ ಬೇಕು. ಸಾಕ್ಷ್ಯಚಿತ್ರಕಾರ ಓದುವ ಕನ್ನಡಕ ಹಾಕಿಕೊಂಡರೆ ತೂಕ ಬರುವುದಿಲ್ಲ ಎಂದು ಅದನ್ನು ಜೇಬಿನಲ್ಲೇ ಇಟ್ಟೆ. ಅಕ್ಕನ ಮನೆ ತಲುಪಿದ ಕೂಡಲೇ ಭಾವ “ಇದು ಹೇಗೆ ಶುರುವಾಗ್ತದೆ?” ಎಂದು ಒಂದು ಗುಂಡಿ ಒತ್ತಿ ನೋಡಿ ವಾಪಸು ಕೊಟ್ಟರು.

ಶೂಟಿಂಗ್ ಶುರುವಾಯಿತು. ಏನು ಹೇಳಲಿ! ಬೆಳಗ್ಗೆ ಆರೂವರೆಗೆ ಎಂದರೆ ಆರೂಕಾಲಿಗೇ ಎಲ್ಲರೂ ಹಲ್ಲುಜ್ಜಿ ಅಂಗಳದಲ್ಲಿ. ಕಣಜದ ಬಾಗಿಲಿಗೆ ವೇಳಾಪಟ್ಟಿ ಅಂಟಿಸಿತ್ತು. ಯಾರೂ ಕೂಗಾಡಲಿಲ್ಲ. ಯಾರೂ ಮುನಿಸಿಕೊಂಡು ಬಸ್ ಹತ್ತಲಿಲ್ಲ. ಮಳೆ ಬಂತು ಎಂದು ನಾನು ಸಡಗರದಿಂದ ಕ್ಯಾಮೆರಾ ಎತ್ತಿದರೆ, ಅಳಿಯ “ಒಳಗಿನ ದೃಶ್ಯಗಳೆಲ್ಲ ಇವತ್ತಿಗೇ ಇಟ್ಟಿದ್ದೆ ಮಾವ” ಎಂದ. ಕರೆಂಟು ಹೋಯಿತು, ಆ ಗಳಿಗೆಗೆ ಅವರಿಗೆ ಕತ್ತಲೆಯೇ ಬೇಕಿತ್ತು. ದೆವ್ವದ ಪಾತ್ರದ ಹುಡುಗಿಗೆ ಜ್ವರ ಬಂತು. ಆಹಾ ಅಂದುಕೊಂಡೆ. ಎಡ್ ವುಡ್ ನೆನಪಾದ. ‘ಪ್ಲ್ಯಾನ್ 9 ಫ್ರಮ್ ಔಟರ್ ಸ್ಪೇಸ್’ಗೆ ಬೇಕಾಗಿದ್ದ ಬೇಲಾ ಲುಗೋಸಿ 1956ರಲ್ಲಿ ತೀರಿಕೊಂಡಾಗ, ವುಡ್ ತನ್ನ ಹೆಂಡತಿಗೆ ಬೆನ್ನುನೋವಿನ ಚಿಕಿತ್ಸೆ ಕೊಡುತ್ತಿದ್ದವನನ್ನು ಕರೆತಂದು, ಮೂಗಿನ ತನಕ ಮೇಲಂಗಿ ಎಳೆದುಕೊಂಡು ಓಡಾಡು ಎಂದಿದ್ದ. ಲುಗೋಸಿಗಿಂತ ಎತ್ತರದ ಆಳು, ಒಂದಿಷ್ಟೂ ಹೋಲುತ್ತಿರಲಿಲ್ಲ. ಈಗ ನಮ್ಮ ದೆವ್ವಕ್ಕೂ ಯಾರನ್ನಾದರೂ ಸೆರಗು ಹೊದಿಸಿ ನಿಲ್ಲಿಸುತ್ತಾರೆ, ಬಹುಶಃ ಅಡಕೆ ಸುಲಿಯಲು ಬರುವ ಹೆಂಗಸನ್ನು, ಎಂದು ಕಾದೆ. ಅಳಿಯ ಲ್ಯಾಪ್‌ಟಾಪ್ ತೆಗೆದು, “ಇದು ರಿಸ್ಕ್ ರಿಜಿಸ್ಟರಿನಲ್ಲೇ ಇತ್ತು” ಎಂದು ಅದೇ ಎತ್ತರದ ಇನ್ನೊಬ್ಬಳನ್ನು ಜೀಪಿನಿಂದ ಇಳಿಸಿದ.

ಅವನು ಕಾಫಿಗೆ ಹೋದಾಗ ಆ ರಿಜಿಸ್ಟರನ್ನು ಇಣುಕಿ ನೋಡಿದೆ. ಅಪಾಯಗಳ ಪಟ್ಟಿ: ಮಳೆ, ಕರೆಂಟು, ಜ್ವರ, ಉಂಬಳ, ಮಾವ. ಉಂಬಳದ ಎದುರು ‘ಉಪ್ಪು, ಸುಣ್ಣ’ ಎಂದಿತ್ತು. ನನ್ನ ಎದುರು ‘ಆಗಾಗ ತಿಂಡಿ ಕೊಡುವುದು’.

ಇಷ್ಟಾದ ಮೇಲೆ ಸಾಕ್ಷ್ಯಚಿತ್ರದ ಧರ್ಮವನ್ನು ಸ್ವಲ್ಪ ಸಡಿಲಿಸುವುದು ಅನಿವಾರ್ಯವಾಯಿತು. ನಾನು ಏನನ್ನೂ ಹಾಳು ಮಾಡಲಿಲ್ಲ, ಸಲಹೆ ಕೊಟ್ಟೆ ಅಷ್ಟೆ. ಮೊದಲನೆಯದು, ನಾಯಕನ ತಲೆಯನ್ನು ಬಾಗಿಲಿಗೆ ಗುದ್ದಿಸುವುದು. ಅಳಿಯ ಒಮ್ಮೆ ನನ್ನನ್ನೂ ಒಮ್ಮೆ ಬಾಗಿಲನ್ನೂ ನೋಡಿದ. ಅಜ್ಜನ ಕಾಲದ ಹಲಸಿನ ಮರದ ಬಾಗಿಲು, ಗೆದ್ದಲೇ ಸೋತು ವಾಪಸು ಹೋಗಿದೆ. “ನೀವು ಮೊದಲು ತೋರಿಸಿ ಮಾವ” ಎಂದ.

ಎರಡನೆಯದು ರಕ್ತ. ಅವರು ಬೆಂಗಳೂರಿನಿಂದ ಬಾಟಲಿಯಲ್ಲಿ ತಂದಿದ್ದ ಬಣ್ಣದ ರಕ್ತ ಎಷ್ಟು ಚೆನ್ನಾಗಿತ್ತೆಂದರೆ ನನಗೆ ನೋಡಲಾಗಲಿಲ್ಲ. ಜಾರ್ಜ್ ರೊಮೆರೊ 1968ರಲ್ಲಿ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ತೆಗೆದಾಗ ಒಟ್ಟು ಖರ್ಚು 1,14,000 ಡಾಲರ್, ರಕ್ತಕ್ಕೆ ಸುರಿದದ್ದು ಚಾಕೊಲೇಟ್ ಸಿರಪ್ಪು, ಶವಗಳು ಜಗಿಯುವ ಮಾಂಸ ಚಿತ್ರಕ್ಕೆ ದುಡ್ಡು ಹಾಕಿದ್ದ ಕಟುಕನ ಅಂಗಡಿಯದು ಎಂದು ತಂಡಕ್ಕೆಲ್ಲ ವಿವರಿಸಿದೆ. ಕೊನೆಗಳಿಗೆಯಲ್ಲಿ ಹೆಸರು ಬದಲಿಸುವಾಗ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋಗಿ, ಚಿತ್ರ ಊರವರೆಲ್ಲರ ಸ್ವತ್ತಾಯಿತು. ಯಾರು ಬೇಕಾದರೂ ಎಲ್ಲಿ ಬೇಕಾದರೂ ತೋರಿಸಬಹುದಾಗಿ ಅದು ಜಗತ್ತೆಲ್ಲ ಹಬ್ಬಿತು. ಇಂಥ ಭಾಗ್ಯದ ಎಡವಟ್ಟು ನಿಮಗೆ ಬೇಡವೇ ಎಂದೆ. ಹುಡುಗರಿಗೆ ಬೇಡವಾಗಿತ್ತು. ಆದರೂ ನನ್ನ ಮನಸ್ಸಿಗೆ ನೋವಾಗಬಾರದೆಂದು (ಅಥವಾ ತಿಂಡಿ ಖಾಲಿಯಾಗಿತ್ತೇನೋ) ಒಂದು ಶಾಟಿಗೆ ಒಪ್ಪಿದರು. ಅಕ್ಕ ತೊಡದೇವಿಗೆಂದು ಎತ್ತಿಟ್ಟಿದ್ದ ಜೋನಿಬೆಲ್ಲದ ಡಬ್ಬಿ ಕದ್ದು ತಂದು, ಕುಂಕುಮ ಕಲಸಿ, ಅಂಗಳದಲ್ಲಿ ಸತ್ತುಬಿದ್ದ ನಾಯಕನ ಕತ್ತಿಗೆ ಧಾರಾಳವಾಗಿ ಸುರಿದೆ. ರೊಮೆರೊನದು ಕಪ್ಪುಬಿಳುಪು, ಇವರದು ಬಣ್ಣದ್ದು ಎಂಬುದು ಆಗ ಹೊಳೆಯಿತು: ನಾಯಕ ಕೊಲೆಯಾದವನಂತೆ ಕಾಣದೆ ಆಲೆಮನೆಯಲ್ಲಿ ಕಾಲು ಜಾರಿದವನಂತೆ ಕಂಡ. ಅಷ್ಟರಲ್ಲಿ ತುಳಸಿಕಟ್ಟೆಯ ಬುಡದಿಂದ ಗೊದ್ದಗಳ ಸಾಲು ಹೊರಟಿತು. ಸತ್ತವನು ಎದ್ದು, ಅಂಗಿ ಕಿತ್ತೆಸೆದು, ನನ್ನ ಹೆಸರು ಹಿಡಿದು ಕೂಗುತ್ತ ಬಚ್ಚಲಿಗೆ ಓಡಿದ. ನಾನು ಕೈ ನಡುಗದಂತೆ ಕ್ಯಾಮೆರಾ ಹಿಡಿದು ಹಿಂದೆಯೇ ಓಡಿದೆ. ಸನ್‌ಡಾನ್ಸ್ ಕಣ್ಣಿಗೆ ಕಾಣುತ್ತಿತ್ತು.

ಮೂರನೆಯದು ನನ್ನ ಬ್ರಹ್ಮಾಸ್ತ್ರ: ದೊಡ್ಡಜ್ಜ. ಭಾವನ ದೊಡ್ಡಪ್ಪ, ಎಂಬತ್ತು ದಾಟಿದವರು, ಮರೆವು ಆವರಿಸಿದೆ. ಜಗಲಿಯಲ್ಲಿ ಕೂತ ಅಜ್ಜ ದೆವ್ವದ ಹೆಜ್ಜೆ ಸದ್ದಿಗೆ “ಯಾರದು? ಒಳಗೆ ಬಾ” ಎನ್ನಬೇಕು. ಈ ಪಾತ್ರಕ್ಕೆ ಇವರೇ ಸರಿ ಎಂದು ಒತ್ತಾಯಿಸಿದೆ. ಬಿಲ್ ಚಿಕ್ಕಪ್ಪನ ಟೇಕುಗಳು ಕಣ್ಣಮುಂದೆ ಕುಣಿದವು. ನಾನು ಲೆಕ್ಕಕ್ಕೆ ಹಿಡಿಯದೆ ಬಿಟ್ಟಿದ್ದು ಒಂದೇ: ದೊಡ್ಡಜ್ಜ ನಲವತ್ತು ವರ್ಷ ತಾಳಮದ್ದಳೆಯಲ್ಲಿ ಅರ್ಥ ಹೇಳಿದವರು.

“ಯಾರದು? ಒಳಗೆ ಬಾ” ಎಂದರು. ಮೊದಲ ಟೇಕಿನಲ್ಲೇ ಸರಿಯಾಗಿ ಬಂತು. ಆಮೇಲೆ ನಿಲ್ಲಿಸಲಿಲ್ಲ. “ಬಂದೆಯಾ? ಸರಿ. ಹೆಜ್ಜೆಯ ಸದ್ದು ಕೇಳಿತು, ಹಾಗಾದರೆ ನಿನಗೆ ಕಾಲುಂಟು. ಕಾಲುಂಟಾದರೆ ದೇಹವುಂಟು, ದೇಹವುಂಟಾದರೆ ನೀನು ಸತ್ತಿಲ್ಲ. ಸತ್ತಿಲ್ಲವಾದರೆ ಈ ಅಪರಾತ್ರಿಯಲ್ಲಿ ಗೃಹಸ್ಥರ ಮನೆಗೆ ಬರಲು ಕಾರಣವೇನು? ಸತ್ತಿದ್ದೇನೆ ಎನ್ನುವೆಯಾದರೆ, ಪ್ರೇತವೋ, ಪಿಶಾಚವೋ, ಬ್ರಹ್ಮರಾಕ್ಷಸವೋ? ನಿನ್ನ ಕರ್ಮ ಮಾಡಬೇಕಾದವರು ಮಾಡಲಿಲ್ಲವೆಂಬ ದೂರು ಇದ್ದರೆ, ಅವರ ಮನೆಗೆ ಹೋಗದೆ ಇಲ್ಲಿಗೆ ಬಂದದ್ದು ನ್ಯಾಯವೇ?” ದೆವ್ವದ ಹುಡುಗಿ ಬಾಯಿ ಬಿಟ್ಟುಕೊಂಡು ನಿಂತಳು. ಅಳಿಯ ಸಂಜ್ಞೆ ಮಾಡಿ ಯಾರೂ ಕಟ್ ಹೇಳದಂತೆ ತಡೆದ. ಅಜ್ಜ ಗರುಡಪುರಾಣ, ಯಕ್ಷಪ್ರಶ್ನೆ, ಗೇಣಿ ಕಾಯ್ದೆ ಎಲ್ಲವನ್ನೂ ಹಾಯ್ದು ಕೊನೆಗೆ ದೆವ್ವವನ್ನು ಎಂಥ ಇಕ್ಕಟ್ಟಿಗೆ ಸಿಕ್ಕಿಸಿದರೆಂದರೆ, ಆ ಹುಡುಗಿ ತಾನಾಗಿ ಅವರ ಕಾಲುಮುಟ್ಟಿ ನಮಸ್ಕರಿಸಿ ಬಾಗಿಲು ದಾಟಿ ಹೋದಳು. ಚಿತ್ರದ ಕೊನೆಯನ್ನು ಅಳಿಯ ಅಲ್ಲೇ ಬದಲಿಸಿದ. ಪಶ್ಚಿಮಘಟ್ಟದ ಕಾಡಿನಲ್ಲಿ ಸಿಕ್ಕ ಕ್ಯಾಮೆರಾದ ಕಥೆ ಎಂದು 2013ರಲ್ಲೇ ‘6-5=2’ ಬಂದು ಹೋಗಿದೆ, ನಮ್ಮದು ಬೇರೆಯಾಗಬೇಕು ಅಂತ ಒದ್ದಾಡುತ್ತಿದ್ದೆ, ನೀವು ದಾರಿ ತೋರಿಸಿದಿರಿ ಮಾವ ಎಂದು ನನ್ನ ಕೈ ಕುಲುಕಿದ. ಎಡವಟ್ಟು ಮಾಡಿಸಲು ಹೋಗಿ ಅವನ ಸಿನಿಮಾವನ್ನು ಉದ್ಧಾರ ಮಾಡಿಬಿಟ್ಟಿದ್ದೆ.

ಇರಲಿ, ನನ್ನ ಬಳಿ ಗೊದ್ದ ಇದೆ, ಅಜ್ಜ ಇದ್ದಾರೆ ಎಂದು ಸಮಾಧಾನಪಟ್ಟುಕೊಂಡೆ. ದಿನದ ಕೊನೆಗೆ ಎಲ್ಲರ ಕಾರ್ಡುಗಳನ್ನು ಬ್ಯಾಕಪ್ ಮಾಡುವ ಅಳಿಯ ನನ್ನದನ್ನೂ ಇಸಿದುಕೊಂಡು ಮಾಡುತ್ತಿದ್ದ. ಕಾರ್ಡು ವಾಪಸು ಕೊಡುವಾಗ ಅವನ ಗೆಳೆಯರು ಅತ್ತ ತಿರುಗಿ ಕೆಮ್ಮುತ್ತಿದ್ದರು. ಮಲೆನಾಡಿನ ಥಂಡಿ ಎಂದುಕೊಂಡೆ.

ದೀಪಾವಳಿಗೆ ನೆಂಟರೆಲ್ಲ ಸೇರಿದ್ದಾಗ ಅಂಗಳದಲ್ಲಿ ಬಿಳಿ ಪಂಚೆ ಕಟ್ಟಿ ಅಳಿಯನ ಚಿತ್ರ ತೋರಿಸಿದರು. ಚೆನ್ನಾಗಿತ್ತು, ಬಿಡಿ. ಅತ್ತೆಯೊಬ್ಬರು ಆಮೇಲೆ ಬಚ್ಚಲಿಗೆ ಒಬ್ಬರೇ ಹೋಗಲಿಲ್ಲ. ದೊಡ್ಡಜ್ಜನ ದೃಶ್ಯಕ್ಕೆ ಚಪ್ಪಾಳೆಯೋ ಚಪ್ಪಾಳೆ, ಅವರು ಮಾತ್ರ ಪಂಚೆಯ ಮೇಲಿನ ಮುದುಕನನ್ನು ಕಂಡು, “ಅರ್ಥ ಚೆನ್ನಾಗಿ ಹೇಳ್ತಾನೆ, ಯಾವ ಊರಿನವನು?” ಎಂದರು. ಅಷ್ಟರಲ್ಲಿ ಅಳಿಯ “ಈಗ ಮಾವನ ಸಾಕ್ಷ್ಯಚಿತ್ರ” ಎಂದ. ನಾನು ಶಾಲು ಸರಿಮಾಡಿಕೊಂಡೆ.

ಪಂಚೆಯ ಮೇಲೆ ಮೂಡಿದ್ದು ನನ್ನ ಚಪ್ಪಲಿ.

ಭಾವ ಮೊದಲ ದಿನವೇ ಒತ್ತಿದ ಗುಂಡಿಯಿಂದ ರೆಕಾರ್ಡ್ ಶುರುವಾಗಿಬಿಟ್ಟಿತ್ತು. ಶುರು ಮಾಡಲೆಂದು ನಾನು ಒತ್ತಿದಾಗ ಅದು ನಿಂತಿದೆ, ನಿಲ್ಲಿಸಲೆಂದು ಒತ್ತಿದಾಗ ಶುರುವಾಗಿದೆ. ಕಪ್ಪು ಬಿಂದಿಯ ಹಿಂದೆ ಕೆಂಪು ದೀಪ ಅಷ್ಟೂ ಹೊತ್ತು ಉರಿದಿದೆ. ಗೊದ್ದ ಇಲ್ಲ, ಅಜ್ಜ ಇಲ್ಲ. ಇದ್ದದ್ದು ಕೈಯಲ್ಲಿ ಕ್ಯಾಮೆರಾ ತೂಗುಬಿಟ್ಟು ನಾನು ಅಂಗಳದಲ್ಲಿ ಶತಪಥ ಹಾಕಿದ್ದು: ಲುಂಗಿಯ ಅಂಚು, ಪಾಚಿ ಕಟ್ಟಿದ ಕಲ್ಲು, ಒಂದು ಸಲ ಬೆಕ್ಕು. ಅದರ ಜೊತೆ ನನ್ನ ಗೊಣಗಾಟ, ಒಂದಕ್ಷರ ಬಿಡದೆ. “ಯಾರಾದರೂ ಒಬ್ಬರು ಜಾರಿ ಬೀಳಬಾರದೇ?” “ಆ ಹುಡುಗಿಗೆ ಇನ್ನೆರಡು ಡಿಗ್ರಿ ಜಾಸ್ತಿ ಬಂದಿದ್ದರೆ.” “ದೇವರೇ, ಒಂದು ಸಣ್ಣ ಮರ ಬೀಳಿಸು, ಜನರ ಮೇಲೆ ಬೇಡ, ಜನರೇಟರಿನ ಮೇಲೆ.”

ಅಂಗಳ ಬಿದ್ದು ಬಿದ್ದು ನಕ್ಕಿತು. ನನ್ನವಳು ಕಣ್ಣೊರೆಸಿಕೊಂಡು ನಕ್ಕಳು. ನಾನು ಹಿಂದೆ ತುಳಸಿಕಟ್ಟೆಗೆ ಒರಗಿ, ಹಲ್ಲು ಕಚ್ಚಿ, ಥೇಟ್ ಫ್ರಾಗಾಸೊ. “ಮೊದಲ ದಿನವೇ ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ?” ಎಂದು ಅಳಿಯನ ಕಿವಿಯಲ್ಲಿ ಗುರುಗುಟ್ಟಿದೆ.

“ನಡುವೆ ಬಾಯಿ ಹಾಕಬಾರದು ಅಂತ ನೀವೇ ಹೇಳಿದ್ದಿರಲ್ಲ ಮಾವ.”

ಆಗ ಪಂಚೆಯ ಮೇಲಿನ ಚಪ್ಪಲಿ ನಿಂತಿತು. ನನ್ನ ದನಿ ಇನ್ನೂ ಸ್ಪಷ್ಟವಾಗಿ ಕೇಳಿತು: “ಹತ್ತು ಸಾವಿರ ಕೊಡುವುದಕ್ಕೆ ರಶೀದಿ ಕೇಳುವ ಜನ! ಬಿಲ್ ಚಿಕ್ಕಪ್ಪನ ಕಾಲಧೂಳಿಗೆ ಸಮವಲ್ಲ. ಗೊಬ್ಬರಕ್ಕೆ ಮರಳು ಬೆರೆಸಿ ಮಾಡಿದ ದುಡ್ಡು ತಾನೇ.”

ಮರುದಿನ ಬೆಳಗ್ಗೆ ತಿಂಡಿಗೆ ಕೂತಾಗ ಭಾವ ರಶೀದಿಯನ್ನು ನನ್ನ ಎಲೆಯ ಪಕ್ಕ ಇಟ್ಟರು. “ರಶೀದಿ ಎಂತಕ್ಕೆ ಅಂತ ಈಗ ಗೊತ್ತಾಯ್ತಾ ಭಾವ? ಬಡ್ಡಿ ಬೇಡ. ಆ ಮರಳಿನ ಮಾತೊಂದನ್ನು ಕತ್ತರಿಸಲಿಕ್ಕೆ ಮಾಣಿಗೆ ಹೇಳು, ಸಾಕು.” ಹೇಳಿದೆ. ಜನ ಹೆಚ್ಚು ನಕ್ಕದ್ದು ಅಲ್ಲೇ, ತೆಗೆಯಲಾಗದು ಎಂದು ಅಳಿಯ ಕಡ್ಡಿ ಮುರಿದಂತೆ ಹೇಳಿದ. ಅಷ್ಟು ಹೊತ್ತಿಗೆ ಅದು ವಾಟ್ಸ್ಆ್ಯಪಿನಲ್ಲಿ ನಾಲ್ಕು ಊರು ದಾಟಿತ್ತು. ಮೊನ್ನೆ ಒಬ್ಬ ಗಿರಾಕಿ ಭಾವನ ಅಂಗಡಿಯಲ್ಲಿ ಯೂರಿಯಾ ಚೀಲ ಬಿಚ್ಚಿಸಿ, ಜರಡಿ ಇದೆಯೇ ಎಂದು ಕೇಳಿದನಂತೆ.